ಫ್ಲಾರಿಡಾದಲ್ಲಿ ಮನೆ ಕೊಳ್ಳುವ ಮೊದಲು: ಚಂಡಮಾರುತದ ಅಪಾಯವನ್ನು ನೀವೇ ಅಳೆಯುವ ಬಗೆ

2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತದ ಕೇಂದ್ರ ಟ್ಯಾಂಪಾ ಕೊಲ್ಲಿಯಿಂದ ನೂರು ಮೈಲಿಗೂ ಹೆಚ್ಚು ದೂರದಲ್ಲಿ, ಸಮುದ್ರದ ಮೇಲೆಯೇ ಹಾದುಹೋಯಿತು. ಅದು ನೆಲ ಮುಟ್ಟಿದ್ದು ಬಹಳ ಉತ್ತರದಲ್ಲಿ, ಪೆರಿ ಎಂಬ ಊರಿನ ಬಳಿ. ಆದರೂ ಆ ರಾತ್ರಿ ಸೇಂಟ್ ಪೀಟರ್ಸ್‌ಬರ್ಗಿನ ಶೋರ್ ಏಕರ್ಸ್, ಟ್ಯಾಂಪಾದ ಡೇವಿಸ್ ಐಲೆಂಡ್ಸ್ ಬಡಾವಣೆಗಳ ಮನೆಗಳೊಳಗೆ ಉಪ್ಪುನೀರು ನುಗ್ಗಿತು. ಕಿಟಕಿಯ ಒಂದು ಗಾಜೂ ಒಡೆಯದ ಮನೆಗಳಲ್ಲಿ ಸೋಫಾ, ಫ್ರಿಜ್, ಮಕ್ಕಳ ಪುಸ್ತಕಗಳೆಲ್ಲ ಬೀದಿಬದಿಯ ರಾಶಿಯಾದವು. ಎರಡು ವಾರ ತುಂಬುವ ಮೊದಲೇ, ಅಕ್ಟೋಬರ್ 9ರಂದು, ಮಿಲ್ಟನ್ ಎಂಬ ಇನ್ನೊಂದು ಚಂಡಮಾರುತ ಸಿಯೆಸ್ಟಾ ಕೀ ದ್ವೀಪದಲ್ಲಿ ನೆಲ ಮುಟ್ಟಿತು. ಆಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸುರಿದ ಮಳೆ 18 ಇಂಚಿಗೂ ಹೆಚ್ಚು.

ನಾನು ಕುಂದಾಪುರದ ಕಡೆಯವನು. ಈಗ ಈ ಕೊಲ್ಲಿಯ ಬಳಿ ವಾಸವಾಗಿದ್ದೇನೆ. ಕೆಲಸದ ಮೇಲೆ ಟ್ಯಾಂಪಾ, ಒರ್ಲಾಂಡೊ, ಜ್ಯಾಕ್ಸನ್‌ವಿಲ್ ಕಡೆ ಬಂದು ನೆಲೆಸುವ ಕನ್ನಡಿಗರು ಮನೆ ನೋಡಲು ಹೊರಟಾಗ ಶಾಲೆ ಹೇಗಿದೆ, ಬಾಗಿಲು ಯಾವ ದಿಕ್ಕಿಗಿದೆ, ದೇವರ ಕೋಣೆಗೆ ಜಾಗವಿದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಈ ಮನೆಯ ನೆಲ ಸಮುದ್ರಮಟ್ಟದಿಂದ ಎಷ್ಟು ಅಡಿ ಮೇಲಿದೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ. ಈ ಬರಹದಲ್ಲಿ ಅರ್ಧಕ್ಕರ್ಧ ನೀರಿನ ಮಾತೇ ಇರುವುದೂ ಅದಕ್ಕಾಗಿಯೇ.

ಒಂದರಿಂದ ಐದರ ಲೆಕ್ಕ ಏನನ್ನು ಹೇಳುವುದಿಲ್ಲ

ಟಿವಿಯಲ್ಲಿ ಹೇಳುವ ‘ಕೆಟಗರಿ 3’, ‘ಕೆಟಗರಿ 4’ ಎಂಬುದು ಸಫಿರ್-ಸಿಂಪ್ಸನ್ ಮಾಪಕದ ಸಂಖ್ಯೆ. ಗಂಟೆಗೆ 74 ಮೈಲಿ (119 ಕಿ.ಮೀ.) ವೇಗದ ಗಾಳಿಗೆ ಮೊದಲ ದರ್ಜೆ ಶುರು; 157 ಮೈಲಿ (252 ಕಿ.ಮೀ.) ಮುಟ್ಟಿದರೆ ಐದನೆಯದು. ಈ ಮಾಪಕ ಅಳೆಯುವುದು ಗಾಳಿಯನ್ನು ಮಾತ್ರ. ಗಾಳಿ ತಳ್ಳಿಕೊಂಡು ಬರುವ ಸಮುದ್ರದ ನೀರು, ಅಂದರೆ ಇಲ್ಲಿನವರು ‘ಸ್ಟಾರ್ಮ್ ಸರ್ಜ್’ ಎನ್ನುವ ಕಡಲುಬ್ಬರ, ಈ ಸಂಖ್ಯೆಯಲ್ಲಿ ಇಲ್ಲ. ಮಳೆಯೂ ಇಲ್ಲ. ದೊಡ್ಡ ಮೈಯ ಚಂಡಮಾರುತ ದೂರದಲ್ಲಿ ಹಾದರೂ ನೀರನ್ನು ನಿಮ್ಮ ಬಾಗಿಲಿಗೆ ತರಬಲ್ಲದು ಎಂಬುದನ್ನು ಹೆಲೀನ್ ತೋರಿಸಿಕೊಟ್ಟಿತು.

ಆದ್ದರಿಂದ ಒಂದೇ ಮನೆಗೆ ಮೂರು ಬೇರೆ ಬೇರೆ ಅಪಾಯಗಳಿವೆ ಎಂದು ಇಟ್ಟುಕೊಳ್ಳಿ: ಕಡಲ ನೀರು, ಮಳೆಯ ನೀರು, ಗಾಳಿ. ಮೂರಕ್ಕೂ ಪರೀಕ್ಷೆ ಬೇರೆ.

ಹೆಜ್ಜೆ 1: ವಿಳಾಸವನ್ನು ಮೂರು ನಕ್ಷೆಗಳಲ್ಲಿ ಹುಡುಕಿ

ಮೊದಲನೆಯದು ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ನೆರೆ ನಕ್ಷೆ. ಅದರ ನಕ್ಷೆ ಜಾಲತಾಣದಲ್ಲಿ ವಿಳಾಸ ಹಾಕಿದರೆ ಜಾಗ ಯಾವ ವಲಯದಲ್ಲಿದೆ ಎಂದು ಕಾಣುತ್ತದೆ. ‘ವಿಇ’ ಎಂದರೆ ನೆರೆಯ ಜೊತೆಗೆ ಮೂರು ಅಡಿ ಅಥವಾ ಅದಕ್ಕೂ ಎತ್ತರದ ಅಲೆಗಳು ಬಡಿಯುವ ಜಾಗ. ‘ಎಇ’ ಎಂದರೆ ಯಾವುದೇ ಒಂದು ವರ್ಷದಲ್ಲಿ ನೆರೆ ಬರುವ ಸಾಧ್ಯತೆ ಕನಿಷ್ಠ ಶೇ 1 ಇರುವ ಜಾಗ. ‘ಎಕ್ಸ್’ ಎಂದರೆ ಅದಕ್ಕಿಂತ ಕಡಿಮೆ.

ಈ ಶೇ 1 ಎಂಬ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಎಂದು ಅದನ್ನು ಕರೆಯುವುದರಿಂದ, ಮೊನ್ನೆ ತಾನೇ ಬಂದುಹೋಯಿತಲ್ಲ, ಇನ್ನು ನಮ್ಮ ಕಾಲಕ್ಕೆ ಭಯವಿಲ್ಲ ಎಂದುಕೊಳ್ಳುತ್ತಾರೆ. ಪ್ರತಿವರ್ಷವೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ. 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಾಧ್ಯತೆ ಶೇ 26. ನಾಲ್ಕು ಮನೆಗಳಲ್ಲಿ ಒಂದಕ್ಕೆ ಎಂದು ಓದಿಕೊಳ್ಳಿ.

ಎರಡನೆಯದು ಸ್ಥಳಾಂತರ ವಲಯದ ನಕ್ಷೆ. ಕರಾವಳಿಯ ಕೌಂಟಿಗಳು (ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳು) ಇದನ್ನು ‘ಎ’ಯಿಂದ ಮುಂದಕ್ಕೆ ಅಕ್ಷರಗಳಲ್ಲಿ ಗುರುತಿಸುತ್ತವೆ, ‘ಎ’ ವಲಯದವರು ಎಲ್ಲರಿಗಿಂತ ಮೊದಲು ಮನೆ ಬಿಡಬೇಕು. ಇದು ಫೆಮಾದ ನೆರೆ ವಲಯವಲ್ಲ. ಎರಡರಲ್ಲೂ ‘ಎ’ ಎಂಬ ಅಕ್ಷರ ಇರುವುದರಿಂದ ಗೊಂದಲ ಸಹಜ. ಒಂದು ವಿಮೆಗೆ, ಸಾಲಕ್ಕೆ, ಕಟ್ಟಡದ ನಿಯಮಕ್ಕೆ ಸಂಬಂಧಿಸಿದ್ದು, ಇನ್ನೊಂದು ಪ್ರಾಣಕ್ಕೆ. ನೆರೆ ನಕ್ಷೆಯಲ್ಲಿ ‘ಎಕ್ಸ್’ ಇದ್ದು ಸ್ಥಳಾಂತರದಲ್ಲಿ ‘ಬಿ’ ಅಥವಾ ‘ಸಿ’ ಇರುವ ಮನೆಗಳು ಸಾಕಷ್ಟಿವೆ.

ಮೂರನೆಯದು ಮಯಾಮಿಯಲ್ಲಿರುವ ರಾಷ್ಟ್ರೀಯ ಚಂಡಮಾರುತ ಕೇಂದ್ರದ ಕಡಲುಬ್ಬರ ನಕ್ಷೆ. ‘ಸ್ಲಾಷ್’ ಎಂಬ ಗಣಕ ಮಾದರಿಯಲ್ಲಿ ಬೇರೆ ಬೇರೆ ದಿಕ್ಕು, ವೇಗ, ಗಾತ್ರದ ಸಾವಿರಾರು ಕಾಲ್ಪನಿಕ ಚಂಡಮಾರುತಗಳನ್ನು ಓಡಿಸಿ, ಪ್ರತಿ ದರ್ಜೆಗೂ ಒಂದೊಂದು ಜಾಗದಲ್ಲಿ ನೀರು ಏರಬಹುದಾದ ಕೆಟ್ಟ ಪರಿಸ್ಥಿತಿಯನ್ನು ಅದರಲ್ಲಿ ಬಣ್ಣಗಳಲ್ಲಿ ತೋರಿಸಿದ್ದಾರೆ. ದರ್ಜೆ 1ರಿಂದ ಶುರುಮಾಡಿ ಒಂದೊಂದನ್ನೇ ಒತ್ತಿ ನೋಡಿ. ನಿಮ್ಮ ಬೀದಿಗೆ ಮೊದಲ ಸಲ ಬಣ್ಣ ಬರುವುದು ಯಾವ ದರ್ಜೆಯಲ್ಲಿ ಎಂದು ಬರೆದಿಟ್ಟುಕೊಳ್ಳಿ. ಒಂದರಲ್ಲಿಯೇ ಬಂದರೆ ಆ ಮನೆಯ ಬಗ್ಗೆ ನಾನಂತೂ ಎರಡನೆಯ ಸಲ ಯೋಚಿಸುತ್ತೇನೆ.

ರಾಜ್ಯದ ಎರಡು ದಡಗಳೂ ಒಂದೇ ಅಲ್ಲ. ಪಶ್ಚಿಮದಲ್ಲಿ ಮೆಕ್ಸಿಕೊ ಕೊಲ್ಲಿಯ ತಳ ದೂರದವರೆಗೂ ಆಳವಿಲ್ಲದೆ ಹರಡಿದೆ. ಗಾಳಿ ನೂಕಿದ ನೀರಿಗೆ ಕೆಳಗಿಳಿಯಲು ಜಾಗವಿಲ್ಲದೆ ದಡದ ಮೇಲೆ ಏರುತ್ತದೆ. 2022ರ ಸೆಪ್ಟೆಂಬರ್ 28ರಂದು ಇಯಾನ್ ಬಂದಾಗ ಫೋರ್ಟ್ ಮೈಯರ್ಸ್ ಬೀಚಿನಲ್ಲಿ ನೀರು ನೆಲದಿಂದ 10ರಿಂದ 15 ಅಡಿ ಏರಿತ್ತು. ಮಯಾಮಿಯ ಕಡೆ ದಡದಿಂದ ಸ್ವಲ್ಪದರಲ್ಲೇ ಸಮುದ್ರ ಆಳವಾಗುವುದರಿಂದ ಉಬ್ಬರ ಅಷ್ಟು ಏರುವುದಿಲ್ಲ. ಟ್ಯಾಂಪಾಕ್ಕೆ 1921ರ ನಂತರ ದೊಡ್ಡ ಚಂಡಮಾರುತ ನೇರವಾಗಿ ಬಡಿದಿಲ್ಲ ಎಂದು ಇಲ್ಲಿ ಹೆಮ್ಮೆಯಿಂದ ಹೇಳುವವರಿದ್ದಾರೆ. ಅದನ್ನು ರಕ್ಷಣೆ ಎಂದು ತಿಳಿಯಬೇಡಿ.

ಹೆಜ್ಜೆ 2: ನೆಲದ ಎತ್ತರ

ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ತಿರುಳು ಇದೇ. ನಕ್ಷೆ ಹೇಳುವುದು ಜಾಗದ ಕಥೆ. ನೀರು ಒಳಗೆ ಬರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮನೆಯ ನೆಲ.

ಇದಕ್ಕೆ ‘ಎಲಿವೇಷನ್ ಸರ್ಟಿಫಿಕೇಟ್’ ಎಂಬ ದಾಖಲೆ ಇದೆ. ಪರವಾನಗಿ ಇರುವ ಸರ್ವೇಯರ್ ಅಳತೆ ಮಾಡಿ ತುಂಬುವ ಫೆಮಾದ ನಮೂನೆ ಅದು. ಮಾರುವವರಲ್ಲಿ ಮೊದಲು ಕೇಳಿ. ಅವರಲ್ಲಿ ಇಲ್ಲದಿದ್ದರೆ ನಗರ ಅಥವಾ ಕೌಂಟಿಯ ಕಟ್ಟಡ ವಿಭಾಗದಲ್ಲಿ ವಿಚಾರಿಸಿ. ನೆರೆ ವಲಯದಲ್ಲಿ ಇತ್ತೀಚಿನ ದಶಕಗಳಲ್ಲಿ ಕಟ್ಟಿದ ಮನೆಗಳದ್ದು ಅಲ್ಲಿ ಸಿಗುವುದುಂಟು. ಅಲ್ಲೂ ಇಲ್ಲದಿದ್ದರೆ ಹಣ ಕೊಟ್ಟು ಸರ್ವೇಯರ್‌ನನ್ನು ಕರೆಸಿ. ಮನೆಯ ಬೆಲೆಯ ಮುಂದೆ ಅದು ದೊಡ್ಡ ಖರ್ಚಲ್ಲ.

ಆ ಕಾಗದದಲ್ಲಿ ಮೂರು ಅಂಕಿಗಳನ್ನು ಹುಡುಕಿ: ವಾಸದ ಅತಿ ಕೆಳಗಿನ ಮಹಡಿಯ ನೆಲದ ಎತ್ತರ, ಮನೆಗೆ ತಾಗಿದ ಮಣ್ಣಿನ ಎತ್ತರ, ಮತ್ತು ‘ಬೇಸ್ ಫ್ಲಡ್ ಎಲಿವೇಷನ್’, ಅಂದರೆ ಆ ಶೇ 1ರ ನೆರೆ ಏರುತ್ತದೆ ಎಂದು ಲೆಕ್ಕ ಹಾಕಿದ ಮಟ್ಟ. ಮೂರೂ ಒಂದೇ ಮೂಲಮಟ್ಟದಿಂದ, ಅಂದರೆ ಸೊನ್ನೆ ಎಂದು ಹಿಡಿದ ಮಟ್ಟದಿಂದ, ಅಳೆದವೇ ಎಂದು ನೋಡಿ. ಈಗಿನ ನಕ್ಷೆಗಳು ಬಳಸುವುದು ‘ಎನ್‌ಎವಿಡಿ 88’. ಹಳೆಯ ಕಾಗದದಲ್ಲಿ 1929ರ ಮಟ್ಟ ಇದ್ದರೆ ನೇರ ಹೋಲಿಸಬಾರದು.

ಒಂದು ಉದಾಹರಣೆ ಲೆಕ್ಕ. ಮಣ್ಣು 5 ಅಡಿ ಎತ್ತರದಲ್ಲಿದೆ. ಮನೆ ಹಳೆಯ ಕಾಲದ್ದು, ಕಾಂಕ್ರೀಟ್ ಹಾಸಿನ ಮೇಲೆ ಕೂತದ್ದು. ನೆಲ ಮಣ್ಣಿಗಿಂತ ಒಂದು ಅಡಿ ಮೇಲೆ, ಅಂದರೆ 6 ಅಡಿ. ನೆರೆಯ ಮಟ್ಟ 9 ಅಡಿ ಎಂದು ನಕ್ಷೆ ಹೇಳುತ್ತದೆ. ಹಾಗಾದರೆ ಆ ನೆರೆಯಲ್ಲಿ ಮನೆಯೊಳಗೆ ಮೂರು ಅಡಿ ನೀರು: ವಿದ್ಯುತ್ ಸಾಕೆಟ್, ಅಡುಗೆಮನೆಯ ಕೆಳಗಿನ ಕಪಾಟು, ಹಾಸಿಗೆ ಎಲ್ಲ ಮುಳುಗಿದಂತೆ. ಅದೇ ಬೀದಿಯಲ್ಲಿ ಕಂಬಗಳ ಮೇಲೆ 11 ಅಡಿಗೆ ಎತ್ತಿ ಕಟ್ಟಿದ ಹೊಸ ಮನೆಯಿದ್ದರೆ, ಅದೇ ನೆರೆಯಲ್ಲಿ ನೀರು ಅದರ ಅಡಿಯಲ್ಲಿ ಹಾದುಹೋಗುತ್ತದೆ. ಎರಡೂ ಮನೆಗಳ ವಲಯ ಒಂದೇ, ಬಹುಶಃ ಬೆಲೆಯಲ್ಲೂ ಬಹಳ ಅಂತರವಿಲ್ಲ. ಇದಕ್ಕಿಂತಲೂ ಮೇಲೇರುವ ನೀರು ಬರಬಹುದು ಎಂಬುದನ್ನೂ ಮರೆಯಬೇಡಿ. ಹಿಂದಿನ ಹೆಜ್ಜೆಯ ಕಡಲುಬ್ಬರ ನಕ್ಷೆ ಮಣ್ಣಿನ ಮಟ್ಟದಿಂದ ಮೇಲೆ ಎಷ್ಟು ಅಡಿ ನೀರು ಎಂದು ತೋರಿಸುತ್ತದೆ. ಆ ಅಂಕಿಯಿಂದ, ಮನೆಯ ನೆಲ ಮಣ್ಣಿಗಿಂತ ಮೇಲಿರುವ ಆ ಒಂದು ಅಡಿಯನ್ನು ಕಳೆದು ನೋಡಿ.

ತಗ್ಗಿನ ಹಳೆಯ ಮನೆಗೆ ಇನ್ನೊಂದು ಸಂಕಟವಿದೆ. ನೆರೆ ವಲಯದಲ್ಲಿರುವ ಮನೆಯ ಹಾನಿ ಸರಿಪಡಿಸುವ ಖರ್ಚು ಕಟ್ಟಡದ ಮಾರುಕಟ್ಟೆ ಮೌಲ್ಯದ ಅರ್ಧಕ್ಕೆ ಮುಟ್ಟಿದರೆ ಅಥವಾ ಮೀರಿದರೆ, ಇಡೀ ಮನೆಯನ್ನು ಇಂದಿನ ನೆರೆ ನಿಯಮಕ್ಕೆ ತರಬೇಕು: ಎತ್ತಬೇಕು ಇಲ್ಲವೇ ಕೆಡವಿ ಕಟ್ಟಬೇಕು. ಮೌಲ್ಯ ಎಂದರೆ ಇಲ್ಲಿ ಜಾಗವನ್ನು ಬಿಟ್ಟು ಕಟ್ಟಡದ್ದು ಮಾತ್ರ. ನೀರಿನ ಬದಿಯ ಬಡಾವಣೆಗಳಲ್ಲಿ ಬೆಲೆಯ ಬಹುಪಾಲು ಜಾಗದ್ದೇ ಆಗಿರುವುದರಿಂದ ಆ ಅರ್ಧವನ್ನು ಮುಟ್ಟಲು ಎರಡು ಅಡಿ ನೀರು ಸಾಕಾಗಬಹುದು. ಹೆಲೀನ್ ನಂತರ ಬಹಳ ಕುಟುಂಬಗಳು ತತ್ತರಿಸಿದ್ದು ಈ ನಿಯಮದ ಎದುರು.

ಹೆಜ್ಜೆ 3: ಕಡಲಿಲ್ಲದ ಕಡೆಯ ನೀರು

ಒರ್ಲಾಂಡೊದವರು ಸಮುದ್ರ ದೂರವಿದೆ ಎಂದು ನೆಮ್ಮದಿಯಿಂದಿರುತ್ತಾರೆ. ಇಯಾನ್ ಅಲ್ಲಿಗೆ ತಲುಪುವಾಗ ಗಾಳಿ ಇಳಿದಿತ್ತು, ಮಳೆ ಇಳಿದಿರಲಿಲ್ಲ. ಆರೆಂಜ್ ಕೌಂಟಿಯ ಬಡಾವಣೆಗಳಲ್ಲಿ ಜನರನ್ನು ದೋಣಿಯಲ್ಲಿ ಹೊರತರಬೇಕಾಯಿತು. ಸೇಂಟ್ ಜಾನ್ಸ್ ನದಿ ಬಹಳ ನಿಧಾನದ್ದು, ಇಳಿಜಾರೇ ಇಲ್ಲವೆನ್ನುವಷ್ಟು. ಬಿರುಗಾಳಿ ಹೋದ ಮೇಲೂ ದಿನಗಟ್ಟಲೆ ಅದರ ಮಟ್ಟ ಏರುತ್ತಲೇ ಇತ್ತು.

ಹೊಸ ಬಡಾವಣೆಗಳಲ್ಲಿ ‘ಕೆರೆಯ ನೋಟದ ಮನೆ’ ಎಂದು ಹೆಚ್ಚು ಬೆಲೆಗೆ ಮಾರುವುದುಂಟು. ಆ ಕೆರೆ ನಿಜಕ್ಕೂ ಮಳೆನೀರು ಹಿಡಿದಿಡಲು ತೋಡಿದ ಹೊಂಡ. ಅದು ತುಂಬಿದ ಮೇಲೆ ನೀರು ಎಲ್ಲಿಗೆ ಹರಿಯುತ್ತದೆ, ತೂಬನ್ನು ಸ್ವಚ್ಛ ಮಾಡುವವರು ಯಾರು ಎಂದು ನಿವಾಸಿಗಳ ಸಂಘದಲ್ಲಿ ಕೇಳಿ. ಮನೆ ನೋಡಲು ಬಿಸಿಲ ದಿನಕ್ಕಿಂತ ಜುಲೈ ತಿಂಗಳ ಮಧ್ಯಾಹ್ನದ ಜೋರು ಮಳೆಯ ಹೊತ್ತಿಗೆ ಹೋಗಿ. ನೀರು ರಸ್ತೆಯಿಂದ ಅಂಗಳಕ್ಕೆ ಬರುತ್ತಿದೆಯೇ, ಅಂಗಳದಿಂದ ರಸ್ತೆಗೆ ಹೋಗುತ್ತಿದೆಯೇ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಹಿಂದಿನ ಕಥೆಯನ್ನೂ ಕೇಳಿ. 2024ರ ಅಕ್ಟೋಬರ್ 1ರಿಂದ, ನೆರೆಹಾನಿಗೆ ವಿಮೆ ಕೇಳಿದ್ದರೆ ಅಥವಾ ಕೇಂದ್ರದ ನೆರವು ಪಡೆದಿದ್ದರೆ ಮಾರುವವರು ಅದನ್ನು ಬರೆದುಕೊಡಬೇಕೆಂಬ ಕಾನೂನು ಫ್ಲಾರಿಡಾದಲ್ಲಿದೆ. ಕಾಗದದ ಜೊತೆಗೆ ಪಕ್ಕದ ಮನೆಯ ಹಿರಿಯರ ಬಾಗಿಲನ್ನೂ ತಟ್ಟಿ. ಸ್ನೇಹಿತರೊಬ್ಬರಿಗೆ ಮನೆ ತೋರಿಸಿದ ದಲ್ಲಾಳಿ ‘ಇಲ್ಲಿಗೆ ಎಂದೂ ನೀರು ಬಂದಿಲ್ಲ’ ಎಂದಿದ್ದರು. ಎದುರುಮನೆಯ ಅಜ್ಜಿ ತಮ್ಮ ಗ್ಯಾರೇಜಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದ ನೀರಿನ ಗುರುತನ್ನೇ ತೋರಿಸಿದರು.

ಹೆಜ್ಜೆ 4: ಮನೆ ಹುಟ್ಟಿದ ವರ್ಷ

ಇನ್ನು ಗಾಳಿ. 1992ರ ಆಗಸ್ಟ್ 24ರಂದು ಆಂಡ್ರ್ಯೂ ಮಯಾಮಿಯ ದಕ್ಷಿಣಕ್ಕೆ, ಹೋಮ್‌ಸ್ಟೆಡ್ ಸುತ್ತ, ಬಡಾವಣೆಗೆ ಬಡಾವಣೆಯನ್ನೇ ನೆಲಸಮ ಮಾಡಿತು. ಛಾವಣಿಯ ಹಲಗೆಗಳನ್ನು ಮೊಳೆಯ ಬದಲು ತಂತಿಯ ಪಿನ್ನುಗಳಿಂದ ಕೂರಿಸಿದ್ದ ಮನೆಗಳು ಆಗ ಬಯಲಾದವು. ಆ ಪಾಠದಿಂದ ಹುಟ್ಟಿದ ಏಕರೂಪದ ಫ್ಲಾರಿಡಾ ಕಟ್ಟಡ ಸಂಹಿತೆ 2002ರ ಮಾರ್ಚ್ 1ರಿಂದ ಜಾರಿಗೆ ಬಂತು. ಆದ್ದರಿಂದ ಮೊದಲ ಪ್ರಶ್ನೆ: ಮನೆ 2002ಕ್ಕಿಂತ ಹಿಂದಿನದೋ ಮುಂದಿನದೋ? ಕೌಂಟಿಯ ಆಸ್ತಿ ಮೌಲ್ಯಮಾಪಕರ ಜಾಲತಾಣದಲ್ಲಿ ಕಟ್ಟಿದ ವರ್ಷ ಸಿಗುತ್ತದೆ. ಛಾವಣಿ ಬದಲಿಸಿದ್ದರೆ ಅದರ ಪರವಾನಗಿ ಕಟ್ಟಡ ವಿಭಾಗದಲ್ಲಿ ಸಿಗುತ್ತದೆ. ಮಯಾಮಿ-ಡೇಡ್ ಮತ್ತು ಬ್ರೊವಾರ್ಡ್ ಕೌಂಟಿಗಳಿಗೆ ಇನ್ನೂ ಬಿಗಿಯಾದ ನಿಯಮಗಳಿವೆ.

ಹಳೆಯದೆಂಬ ಒಂದೇ ಕಾರಣಕ್ಕೆ ಮನೆಯನ್ನು ಬಿಡಬೇಕಿಲ್ಲ. ಅದರ ಕೂಡುಗಳನ್ನು ನೋಡಬೇಕು. ಮೊಬೈಲ್ ಮನೆಗಳ ಮಾತು ಬೇರೆ: 1994ರಲ್ಲಿ ಅವುಗಳ ಗಾಳಿ ನಿಯಮ ಬಿಗಿಯಾದರೂ, ಸ್ಥಳಾಂತರದ ಆದೇಶ ಬಂದಾಗ ಅಲ್ಲಿರುವವರು ವಲಯ ಯಾವುದೆಂದು ನೋಡದೆ ಹೊರಡಬೇಕು.

ಹೆಜ್ಜೆ 5: ಟಾರ್ಚ್ ಹಿಡಿದು ಅಟ್ಟ ಹತ್ತಿ

ಗಾಳಿಯ ಒತ್ತಡ ವೇಗದ ವರ್ಗಕ್ಕೆ, ಅಂದರೆ ವೇಗವನ್ನು ವೇಗದಿಂದಲೇ ಗುಣಿಸಿದ ಸಂಖ್ಯೆಗೆ, ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಮೈಲಿಯ ಗಾಳಿ 140 ಆದರೆ ವೇಗ ಹೆಚ್ಚಿದ್ದು ಶೇ 40, ಒತ್ತಡವೋ ಮೊದಲಿನ ಸುಮಾರು ಎರಡರಷ್ಟಾಗುತ್ತದೆ. ಈ ಒತ್ತಡ ಛಾವಣಿಯನ್ನು ಕೆಳಗೆ ಅದುಮುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಸೆಳೆಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ನಮ್ಮ ಕರಾವಳಿಯಲ್ಲಿ ಹಂಚು, ಶೀಟುಗಳು ಹಾರಿದ್ದನ್ನು ಕಂಡವರಿಗೆ ಇದು ಹೊಸದಲ್ಲ. ಊರಿನ ಮನೆಯಲ್ಲಿ ಪಕ್ಕಾಸು ಗೋಡೆಯ ಮೇಲೆ ಹೇಗೆ ಕೂತಿದೆ ಎಂದು ನೋಡುತ್ತಿದ್ದೆವಲ್ಲ, ಇಲ್ಲೂ ನೋಡಬೇಕಾದದ್ದು ಅದನ್ನೇ. ಛಾವಣಿಯಿಂದ ಅಡಿಪಾಯದವರೆಗೆ ಹಿಡಿತ ಎಲ್ಲೂ ಕಡಿಯಬಾರದು.

ಅಟ್ಟದಲ್ಲಿ ಮೊದಲು ಛಾವಣಿಯ ಮರದ ಚೌಕಟ್ಟು ಗೋಡೆಗೆ ಸೇರುವ ಜಾಗ ನೋಡಿ. ಓರೆಯಾಗಿ ಹೊಡೆದ ಮೊಳೆಗಳಷ್ಟೇ ಇದ್ದರೆ ಅದು ಅತ್ಯಂತ ದುರ್ಬಲ. ಒಂದು ಬದಿಗೆ ಲೋಹದ ಕ್ಲಿಪ್ ಇದ್ದರೆ ಪರವಾಗಿಲ್ಲ. ಮರದ ಮೇಲೆ ಹಾದು ಇನ್ನೊಂದು ಬದಿಗೆ ಬಂದು ಮೊಳೆ ಹೊಡೆಸಿಕೊಂಡ ಲೋಹದ ಪಟ್ಟಿ ಇದ್ದರೆ ಗಟ್ಟಿ. ಎರಡು ಪಟ್ಟಿಗಳಿದ್ದರೆ ಇನ್ನೂ ಗಟ್ಟಿ. ಆಮೇಲೆ ಹಲಗೆಯಿಂದ ತೂರಿ ಬಂದ ಮೊಳೆಗಳನ್ನು ನೋಡಿ: ಎರಡು ಇಂಚಿನವೋ, ಎರಡೂವರೆ ಇಂಚಿನವೋ, ಆರು ಇಂಚಿಗೊಂದೋ, ಹನ್ನೆರಡು ಇಂಚಿಗೊಂದೋ. ಉದ್ದ ಮೊಳೆ, ಹತ್ತಿರದ ಅಂತರ ಒಳ್ಳೆಯದು.

ಹೊರಗೆ ನಿಂತು ಆಕಾರ ನೋಡಿ. ನಾಲ್ಕೂ ಕಡೆಗೆ ಇಳಿಜಾರಿರುವ ಛಾವಣಿ ಗಾಳಿಯನ್ನು ಜಾರಿಸಿ ಕಳುಹಿಸುತ್ತದೆ. ಎರಡೇ ಕಡೆ ಇಳಿಜಾರಿದ್ದು ತುದಿಗಳಲ್ಲಿ ತ್ರಿಕೋನದ ಗೋಡೆ ನಿಂತಿದ್ದರೆ ಆ ತ್ರಿಕೋನಕ್ಕೆ ಒಳಗಿನಿಂದ ಆಧಾರ ಕೊಟ್ಟಿದ್ದಾರೆಯೇ ಎಂದು ಕೇಳಬೇಕು. ಮೇಲ್ಪದರ ಹಾರಿಹೋದರೂ ಹಲಗೆಗಳ ಸಂದಿಯಿಂದ ಮಳೆ ಇಳಿಯದಂತೆ ಅಂಟಿಸುವ ಪೊರೆ ಹಾಕಿದ್ದಾರೆಯೇ ಎಂಬುದನ್ನು ಛಾವಣಿ ಹಾಕಿದವರ ಕಾಗದಗಳಲ್ಲಿ ಹುಡುಕಿ.

ಇವೆಲ್ಲವನ್ನೂ ಪರವಾನಗಿಯುಳ್ಳ ಪರೀಕ್ಷಕರು ‘ವಿಂಡ್ ಮಿಟಿಗೇಷನ್’ ಎಂಬ ರಾಜ್ಯದ ನಮೂನೆಯಲ್ಲಿ ಫೋಟೊ ಸಮೇತ ತುಂಬಿಕೊಡುತ್ತಾರೆ. ಐದು ವರ್ಷದವರೆಗೆ ಅದು ನಡೆಯುತ್ತದೆ. ವಿಮಾ ಕಂಪನಿಗಳು ಅದನ್ನು ನೋಡಿ ಕಂತಿನಲ್ಲಿ ರಿಯಾಯಿತಿ ಕೊಡಲೇಬೇಕು. ಆದರೂ ಪರೀಕ್ಷಕರ ಜೊತೆ ನೀವೂ ಅಟ್ಟ ಹತ್ತಿ. ಮೂಲೆಯ ಕತ್ತಲಲ್ಲಿ ಪಟ್ಟಿ ತಪ್ಪಿಹೋಗಿರುವುದನ್ನು ಕಣ್ಣಾರೆ ಕಂಡರೆ ಆ ಮನೆ ನಿಮಗೆ ಅರ್ಥವಾಗುತ್ತದೆ.

ಹೆಜ್ಜೆ 6: ಬಾಗಿಲು, ಕಿಟಕಿ, ಮುಖ್ಯವಾಗಿ ಗ್ಯಾರೇಜು

ಒಂದು ದೊಡ್ಡ ಗಾಜು ಒಡೆದರೆ ಗಾಳಿ ಒಳಹೊಕ್ಕು ಛಾವಣಿಯನ್ನು ಒಳಗಿನಿಂದ ಎತ್ತುತ್ತದೆ. ಹೊರಗಿನಿಂದ ಸೆಳೆತ ಇದ್ದೇ ಇದೆ. ಎರಡೂ ಸೇರಿದಾಗ ಛಾವಣಿ ಹೋಗುತ್ತದೆ. ಆದ್ದರಿಂದ ಹತ್ತು ಕಿಟಕಿಗಳಲ್ಲಿ ಒಂಬತ್ತಕ್ಕೆ ರಕ್ಷಣೆ ಇದ್ದರೆ ಸಾಲದು. ಹೊಡೆತ ತಾಳುವ ಗಾಜು ಅಥವಾ ಷಟರ್‌ಗಳ ಮೇಲೆ ಫ್ಲಾರಿಡಾ ಅಥವಾ ಮಯಾಮಿ-ಡೇಡ್ ಅನುಮೋದನೆಯ ಗುರುತಿದೆಯೇ ನೋಡಿ. ಒಂಬತ್ತು ಪೌಂಡ್ ತೂಕದ ಮರದ ತುಂಡನ್ನು ಸೆಕೆಂಡಿಗೆ 50 ಅಡಿ ವೇಗದಲ್ಲಿ ಹೊಡೆದು ಅವುಗಳನ್ನು ಪರೀಕ್ಷಿಸಿರುತ್ತಾರೆ. ಗಾಜಿಗೆ ಟೇಪ್ ಅಂಟಿಸುವುದರಿಂದ ಯಾವ ಪ್ರಯೋಜನವೂ ಇಲ್ಲ.

ಎಲ್ಲರೂ ಮರೆಯುವುದು ಗ್ಯಾರೇಜ್ ಬಾಗಿಲನ್ನು. ಎರಡು ಕಾರುಗಳ ಅಗಲದ ತೆಳು ತಗಡಿನ ಬಾಗಿಲೇ ಮನೆಯ ಅತಿ ದೊಡ್ಡ ರಂಧ್ರ. ಅದರ ಒಳಬದಿಯಲ್ಲಿ ಎಷ್ಟು ಒತ್ತಡ ತಾಳುತ್ತದೆಂಬ ಚೀಟಿ ಇರುತ್ತದೆ. ಇಲ್ಲದಿದ್ದರೆ ಬಾಗಿಲು ಬದಲಿಸುವ ಖರ್ಚನ್ನು ಮನೆಯ ಬೆಲೆಗೆ ಸೇರಿಸಿಕೊಳ್ಳಿ. ಇಂಥ ಕೆಲಸಗಳಿಗೆ ‘ಮೈ ಸೇಫ್ ಫ್ಲಾರಿಡಾ ಹೋಮ್’ ಎಂಬ ರಾಜ್ಯದ ಯೋಜನೆ, ಅರ್ಹರಿಗೆ ಉಚಿತ ಪರೀಕ್ಷೆಯ ಜೊತೆ 10,000 ಡಾಲರ್‌ವರೆಗೆ ನೆರವು ಕೊಟ್ಟಿದೆ. ಶಾಸನಸಭೆ ಹಣ ಕೊಟ್ಟಾಗ ತೆರೆಯುತ್ತದೆ, ಮುಗಿದಾಗ ಮುಚ್ಚುತ್ತದೆ.

ಸುತ್ತಮುತ್ತಲನ್ನು ಒಂದು ಸುತ್ತು ಹಾಕಿ. ಬಯಲು, ಗಾಲ್ಫ್ ಮೈದಾನ, ತೆರೆದ ನೀರಿನ ಎದುರಿನ ಮನೆಗೆ ಗಾಳಿಯ ಹೊಡೆತ ಹೆಚ್ಚು. ಮರಗಳಲ್ಲಿ ಲೈವ್ ಓಕ್, ಸೇಬಲ್ ಪಾಮ್ ಚೆನ್ನಾಗಿ ತಡೆಯುತ್ತವೆ. ಲಾರೆಲ್ ಓಕ್, ವಾಟರ್ ಓಕ್ ಬೇಗ ಮುರಿಯುತ್ತವೆ.

ಹೆಜ್ಜೆ 7: ವಿಮೆಯ ಕಾಗದವನ್ನು ಅಪಾಯದ ಕಾಗದದಂತೆ ಓದಿ

ಸಾಮಾನ್ಯ ಗೃಹವಿಮೆ ನೆರೆಯ ಹಾನಿಗೆ ಹಣ ಕೊಡುವುದಿಲ್ಲ. ನೆರೆ ವಿಮೆ ಬೇರೆ. 1968ರಲ್ಲಿ ಶುರುವಾದ ರಾಷ್ಟ್ರೀಯ ನೆರೆ ವಿಮಾ ಕಾರ್ಯಕ್ರಮದಲ್ಲಿ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನುಗಳಿಗೆ 1,00,000 ಡಾಲರ್ ಸಿಗುತ್ತದೆ. ಹೆಚ್ಚು ಬೇಕಿದ್ದರೆ ಖಾಸಗಿಯವರಲ್ಲಿ ಕೊಳ್ಳಬೇಕು. ಸಾಲದ ಜೊತೆಗೆ ಕೊಂಡದ್ದಲ್ಲದಿದ್ದರೆ ಸಾಮಾನ್ಯವಾಗಿ ಅದು ಜಾರಿಗೆ ಬರಲು 30 ದಿನ ಬೇಕು. ಚಂಡಮಾರುತ ನಕ್ಷೆಯ ಮೇಲೆ ಕಂಡ ಮೇಲೆ ಓಡಿದರೆ ಫಲವಿಲ್ಲ. ‘ಎಕ್ಸ್’ ವಲಯದಲ್ಲಿ ಸಾಲ ಕೊಡುವವರು ಸಾಮಾನ್ಯವಾಗಿ ಇದನ್ನು ಕಡ್ಡಾಯ ಮಾಡುವುದಿಲ್ಲ. ನನ್ನ ಸಲಹೆ, ಅಲ್ಲೂ ಕೊಳ್ಳಿ.

ಗಾಳಿಯ ಹಾನಿಗೆ ‘ಹರಿಕೇನ್ ಡಿಡಕ್ಟಿಬಲ್’ ಎಂಬ ಬೇರೆ ಲೆಕ್ಕವಿದೆ. ಸಾಮಾನ್ಯವಾಗಿ ಅದು ವಿಮೆ ಮಾಡಿಸಿದ ಮೊತ್ತದ ಶೇ 2, 5 ಅಥವಾ 10. ನಾಲ್ಕು ಲಕ್ಷ ಡಾಲರ್‌ಗೆ ವಿಮೆ ಮಾಡಿಸಿದ ಮನೆಗೆ ಶೇ 2 ಎಂದರೆ ಮೊದಲ 8,000 ಡಾಲರ್ ನಿಮ್ಮ ಜೇಬಿನಿಂದ. ಶೇ 10 ಎಂದರೆ 40,000. ಕಂತು ಕಡಿಮೆಯಾಯಿತೆಂದು ಶೇ 10 ಆರಿಸುವ ಮೊದಲು ಅಷ್ಟು ಹಣ ಬ್ಯಾಂಕಿನಲ್ಲಿದೆಯೇ ನೋಡಿಕೊಳ್ಳಿ. ಮನೆ ಒಪ್ಪಿಕೊಳ್ಳುವ ಮೊದಲೇ ಗಾಳಿ, ನೆರೆ ಎರಡಕ್ಕೂ ದರ ಕೇಳಿ. ದರ ಕೇಳಿ ಎದೆ ಧಸಕ್ಕೆಂದರೆ, ಆ ಮನೆಯ ಅಪಾಯವನ್ನು ಲೆಕ್ಕ ಹಾಕುವುದೇ ಕಸುಬಾದವರು ಏನನ್ನೋ ಹೇಳುತ್ತಿದ್ದಾರೆ ಎಂದು ಅರ್ಥ.

ಹೆಜ್ಜೆ 8: ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ

ನೆರೆ ವಲಯ, ಸ್ಥಳಾಂತರ ವಲಯ, ಬೀದಿಗೆ ನೀರು ಬರುವ ಮೊದಲ ದರ್ಜೆ, ನೆಲದ ಎತ್ತರ, ಕಟ್ಟಿದ ವರ್ಷ, ಛಾವಣಿಯ ವರ್ಷ, ಗೋಡೆಯ ಹಿಡಿತ, ಗ್ಯಾರೇಜ್ ಬಾಗಿಲು, ಎರಡು ವಿಮೆಗಳ ದರ. ನೋಡಿದ ಪ್ರತಿ ಮನೆಗೂ ಇಂಥ ಒಂದು ಹಾಳೆ ಇರಲಿ. ಹೋಲಿಸುವಾಗ ಗಾಳಿಯ ಕೊರತೆಗಿಂತ ನೀರಿನ ಕೊರತೆಗೆ ಹೆಚ್ಚು ತೂಕ ಕೊಡಿ. ಪಟ್ಟಿ ಕೂರಿಸಬಹುದು, ಬಾಗಿಲು ಬದಲಿಸಬಹುದು. ಕಾಂಕ್ರೀಟ್ ಹಾಸಿನ ಮನೆಯನ್ನು ಎತ್ತುವುದು ಎಲ್ಲರ ಕೈಗೆ ಎಟಕುವ ಕೆಲಸವಲ್ಲ.

ಕೊಂಡ ಮನೆಯ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ, ಅದರ ಕೆಳಗೆ ಹೊರಡುವ ತೀರ್ಮಾನವನ್ನೂ ಬರೆಯಿರಿ. ನೀರಿನಿಂದ ಓಡಿ, ಗಾಳಿಯಿಂದ ಅಡಗಿಕೊಳ್ಳಿ ಎಂದು ಇಲ್ಲಿನ ತುರ್ತು ಸೇವೆಯವರು ಹೇಳುತ್ತಾರೆ. ಕಡಲುಬ್ಬರದ ವಲಯದಲ್ಲಿದ್ದರೆ ಆದೇಶ ಬಂದ ಕೂಡಲೇ ಹೊರಡಬೇಕು, ಆದರೆ ಅಟ್ಲಾಂಟಾದವರೆಗೆ ಓಡಬೇಕಿಲ್ಲ. ಹತ್ತಾರು ಮೈಲಿ ಒಳಗೆ, ಎತ್ತರದ ಜಾಗದಲ್ಲಿ 2002ರ ನಂತರ ಕಟ್ಟಿದ ಸ್ನೇಹಿತರ ಮನೆಯಿದ್ದರೆ ಸಾಕು. ಅವರೊಡನೆ ಮೇ ತಿಂಗಳಲ್ಲೇ ಮಾತಾಡಿಟ್ಟುಕೊಳ್ಳಿ. ಜೂನ್ 1ರಿಂದ ನವೆಂಬರ್ 30ರವರೆಗಿನ ಚಂಡಮಾರುತದ ಕಾಲದಲ್ಲೇ ಊರಿನಿಂದ ಅಪ್ಪ ಅಮ್ಮ ಬಂದಿರುವ ಮನೆಗಳು ನಮ್ಮಲ್ಲಿ ಹೆಚ್ಚು. ಅವರ ಪಾಸ್‌ಪೋರ್ಟ್, ಒಂದು ತಿಂಗಳ ಮಾತ್ರೆಗಳು ಮತ್ತು ವೈದ್ಯರ ಚೀಟಿ ನೀರು ಹೋಗದ ಒಂದೇ ಚೀಲದಲ್ಲಿರಲಿ. ಆ ಚೀಲ ಎಲ್ಲಿದೆ ಎಂಬುದು ಅವರಿಗೂ ಗೊತ್ತಿರಲಿ.